ಪೀಪ್ಸ್‌ನ ಕೊನೆಯ ಪುಟ, ಎಲಿಜಬೆತಳ ಹರಿದ ಕಾಗದ

(ನಮ್ಮೂರಿನ ಓದುಗರ ಬಳಗದ ತಿಂಗಳ ಸಭೆಯಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ. ಕೊನೆಯಲ್ಲಿ ಬಂದ ಒಂದು ಪ್ರಶ್ನೆಯನ್ನೂ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು 31 ವರ್ಷ ಸರ್ಕಾರಿ ಕಚೇರಿಗಳಲ್ಲಿ ಸ್ಟೆನೊ ಆಗಿದ್ದವಳು. ಸಾಹೇಬರು ಹೇಳುತ್ತಾ ಹೋಗುತ್ತಾರೆ, ನಾವು ಶಾರ್ಟ್‌ಹ್ಯಾಂಡ್‌ನಲ್ಲಿ ಬರೆದುಕೊಳ್ಳುತ್ತಾ ಹೋಗುತ್ತೇವೆ, ಆಮೇಲೆ ಟೈಪ್ ಮಾಡಿ ಸಹಿಗೆ ಇಡುತ್ತೇವೆ. ಈಗಿನ ಮಕ್ಕಳಿಗೆ ಇಂಥದೊಂದು ಕಸುಬು ಇತ್ತೆಂದರೆ ನಂಬುವುದೇ ಕಷ್ಟ. ಆ ಕಸುಬಿನಿಂದಲೇ ನನಗೆ ಸ್ಯಾಮ್ಯುಯೆಲ್ ಪೀಪ್ಸ್ ಹತ್ತಿರದವನಾದ. ಲಂಡನ್ನಿನ ಆ ಮನುಷ್ಯ ಹತ್ತು ವರ್ಷಕ್ಕೆ ಸ್ವಲ್ಪ ಕಡಿಮೆ ಕಾಲ ದಿನವೂ ದಿನಚರಿ ಬರೆದ. ಬರೆದದ್ದು ಶಾರ್ಟ್‌ಹ್ಯಾಂಡ್‌ನಲ್ಲಿ. ಇವತ್ತು ಅದರ ಕೊನೆಯ ಪುಟವನ್ನು ನಿಮ್ಮ ಜೊತೆ ಓದಬೇಕೆಂದು ಬಂದಿದ್ದೇನೆ. 31 ಮೇ 1669ರ ಪುಟ ಅದು.

ಮೊದಲು ಮನುಷ್ಯನ ಪರಿಚಯ. ಹುಟ್ಟಿದ್ದು 1633ರಲ್ಲಿ, ದರ್ಜಿಯ ಮಗನಾಗಿ. ಕೇಂಬ್ರಿಡ್ಜ್‌ನಲ್ಲಿ ಓದಿದ. 25 ವರ್ಷದವನಿದ್ದಾಗ ಮೂತ್ರಕೋಶದ ಕಲ್ಲು ತೆಗೆಸಿಕೊಂಡ. ಅರಿವಳಿಕೆ ಇಲ್ಲದ ಕಾಲದ ಶಸ್ತ್ರಚಿಕಿತ್ಸೆ ಅದು. ಬದುಕುಳಿದ ಆ ದಿನವನ್ನು ಪ್ರತಿ ವರ್ಷ ನೆನೆಯುತ್ತಿದ್ದ. ಆಮೇಲೆ ನೌಕಾ ಕಚೇರಿಯಲ್ಲಿ ಕೆಲಸಕ್ಕೆ ಸೇರಿ, ಲೆಕ್ಕ, ಗುತ್ತಿಗೆ, ಹಡಗಿಗೆ ಬೇಕಾದ ಮರ, ಹಗ್ಗ ಇವುಗಳ ನಡುವೆ ಮೇಲಕ್ಕೆ ಬಂದ. ದಿನಚರಿ ಶುರುವಾದದ್ದು 1 ಜನವರಿ 1660ರಂದು. 1665ರ ಪ್ಲೇಗು, 1666ರ ಲಂಡನ್ ಬೆಂಕಿ, 1667ರಲ್ಲಿ ಡಚ್ಚರು ನದಿಯೊಳಗೇ ನುಗ್ಗಿ ಇಂಗ್ಲೆಂಡಿನ ಹಡಗುಗಳನ್ನು ಸುಟ್ಟದ್ದು, ಎಲ್ಲವೂ ಅದರಲ್ಲಿದೆ. ಬೆಂಕಿ ಹತ್ತಿರ ಬಂದಾಗ ವೈನನ್ನೂ ಪಾರ್ಮೆಸಾನ್ ಚೀಸನ್ನೂ ಗುಂಡಿ ತೋಡಿ ಹೂತಿಟ್ಟ ಕತೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಅದನ್ನೆಲ್ಲ ಇನ್ನೊಂದು ದಿನ ನೋಡೋಣ.

ಆ ಮೇ 31ರ ದಿನ ಮಾಮೂಲಿನಂತೆಯೇ ಹೊರಡುತ್ತದೆ. ಬೆಳಗ್ಗೆ ಬೇಗ ಎದ್ದು ಗುಮಾಸ್ತ ವಿಲ್ ಹ್ಯೂಯರ್ ಜೊತೆ ಕೂತು ಲೆಕ್ಕಪತ್ರ ಸರಿಮಾಡುತ್ತಾನೆ. ಕಣ್ಣಿನ ತೊಂದರೆಗೆಂದು ರಜೆ ಸಿಕ್ಕಿದೆ, ಸಮುದ್ರ ದಾಟಿ ಹೋಗಿಬರುವ ಯೋಚನೆ ಇದೆ. ಆದರೆ ಒಂದೆರಡು ವರ್ಷದಿಂದ ಲೆಕ್ಕ ಹಿಂದೆ ಬಿದ್ದಿದೆ. ಕಣ್ಣು ನೆಟ್ಟಗಿಲ್ಲದವನಿಗೆ ಅಂಕಿಯ ಸಾಲು ಎಷ್ಟು ಕಷ್ಟವೆಂದು ಪೊರೆ ಬಂದ ಮೇಲೆ ನನಗೂ ಗೊತ್ತಾಗಿದೆ. ಮಧ್ಯಾಹ್ನ ಮನೆಯಲ್ಲಿ ಊಟ. ಆಮೇಲೆ ದೋಣಿಯಲ್ಲಿ ವೈಟ್‌ಹಾಲ್ ಅರಮನೆ ಕಡೆಗೆ ಹೊರಡುತ್ತಾನೆ. ದಾರಿಯಲ್ಲಿ ಪರಿಚಯದ ಒಂದು ಮನೆಗೆ ಹೋಗುತ್ತಾನೆ. ಗಂಡ ಊರಲ್ಲಿಲ್ಲ. ಹೆಂಡತಿಗೆ ಮುತ್ತಿಡುತ್ತಾನೆ, ಇನ್ನಷ್ಟಕ್ಕೆ ಅವಕಾಶ ಸಿಗಲಿಲ್ಲವೆಂದು ಬರೆದುಕೊಳ್ಳುತ್ತಾನೆ. ಆ ಸಾಲು ಪೂರ್ತಿ ಇಂಗ್ಲಿಷಿನಲ್ಲಿಲ್ಲ. ನಡುನಡುವೆ ಫ್ರೆಂಚು, ಸ್ಪ್ಯಾನಿಷ್. ಇದಕ್ಕೆ ಮತ್ತೆ ಬರುತ್ತೇನೆ. ಅಲ್ಲಿಂದ ರಾಜನ ತಮ್ಮ, ನೌಕಾಪಡೆಯ ಮುಖ್ಯಸ್ಥ ಡ್ಯೂಕ್ ಆಫ್ ಯಾರ್ಕ್ ಜೊತೆ ಕಚೇರಿ ಕೆಲಸ. ಸಂಜೆ ಹೆಂಡತಿ ಎಲಿಜಬೆತ್ ಬಂದು ಕರೆಯುತ್ತಾಳೆ. ಇನ್ನಿಬ್ಬರು ಸ್ನೇಹಿತರ ಜೊತೆ ಪಾರ್ಕಿಗೆ ಹೋಗಿ, ಅದರ ಪಕ್ಕದ ಒಂದು ಪಾನಗೃಹದಲ್ಲಿ ಕೂತು, ನಕ್ಕು ನಲಿದು, ತಡವಾಗಿ ಮನೆಗೆ ಬರುತ್ತಾರೆ. ಆ ಪಾನಗೃಹದ ಹೆಸರು 'ಲೋಕದ ಕೊನೆ'. ನಾನು ಹುಟ್ಟಿಸಿ ಹೇಳುತ್ತಿಲ್ಲ, ಅದರ ಹೆಸರೇ ಹಾಗೆ.

ಮಾಮೂಲಿನ ದಿನವಾಗಿದ್ದರೆ ಇಲ್ಲಿ ಆತನ ಪ್ರಸಿದ್ಧ ಮುಕ್ತಾಯ ಬರಬೇಕಿತ್ತು. 'ಅಲ್ಲಿಗೆ ಹೋಗಿ ಮಲಗಿದೆ' ಎಂಬ ಮಾತು. ದಿನಚರಿಯಲ್ಲಿ ಅದು ಎಷ್ಟು ಸಲ ಬರುತ್ತದೆಯೆಂದರೆ, ಓದುತ್ತಾ ಹೋದವರಿಗೆ ಮನೆಯ ದೀಪ ಆರಿಸಿದಷ್ಟು ಸಹಜವಾಗಿಬಿಡುತ್ತದೆ. ಅವತ್ತು ಅದು ಬರುವುದಿಲ್ಲ. ಬರುವುದು ಇದು. ನನ್ನ ಕನ್ನಡದಲ್ಲಿ ಹೇಳುತ್ತೇನೆ:

"ನನ್ನ ಸ್ವಂತ ಕಣ್ಣಿನಿಂದ ಈ ದಿನಚರಿ ಇಡುವ ಕೆಲಸ ಇಲ್ಲಿಗೆ ಮುಗಿಯಿತೆಂದೇ ನನ್ನ ಅಂಜಿಕೆ. ಇನ್ನು ಆಗದು. ಲೇಖನಿ ಹಿಡಿದಾಗಲೆಲ್ಲ ಕಣ್ಣು ಕೆಡುವಷ್ಟು ಕಾಲ ಇದನ್ನು ಮಾಡಿದ್ದಾಯಿತು. ಏನೇ ಆಗಲಿ, ಬಿಡಲೇಬೇಕು. ಇನ್ನು ಮುಂದೆ ನನ್ನ ಜನರ ಕೈಯಲ್ಲಿ, ಎಲ್ಲರೂ ಬರೆಯುವ ಅಕ್ಷರದಲ್ಲಿ ಬರೆಸುತ್ತೇನೆ. ಹಾಗಾದಾಗ ಅವರಿಗೂ ಲೋಕಕ್ಕೂ ತಿಳಿಯಬಹುದಾದಷ್ಟನ್ನೇ ಬರೆಸಿ ಸಮಾಧಾನಪಡಬೇಕು."

ಆಮೇಲೆ ಒಂದು ಸಣ್ಣ ಮಾತು ಸೇರಿಸುತ್ತಾನೆ. ಅದಕ್ಕೂ ಮಿಕ್ಕಿದ್ದೇನಾದರೂ ಇದ್ದರೆ, ಪುಟದ ಅಂಚಿನಲ್ಲಿ ಜಾಗ ಬಿಡಿಸಿ, ಅಲ್ಲಲ್ಲಿ ತನ್ನ ಕೈಯಿಂದಲೇ ಶಾರ್ಟ್‌ಹ್ಯಾಂಡ್‌ನಲ್ಲಿ ಬರೆದುಕೊಳ್ಳುತ್ತಾನಂತೆ. ಕೊನೆಗೆ, ಈ ದಾರಿ ಹಿಡಿಯುವುದೆಂದರೆ "ನಾನೇ ನನ್ನ ಗೋರಿಗೆ ಇಳಿಯುವುದನ್ನು ನೋಡಿದ ಹಾಗೆ" ಎನ್ನುತ್ತಾನೆ. ಇದಕ್ಕೂ, ಕುರುಡನಾದ ಮೇಲಿನ ಕಷ್ಟಗಳಿಗೂ ದೇವರು ನನ್ನನ್ನು ಸಿದ್ಧಮಾಡಲಿ ಎನ್ನುತ್ತಾನೆ. ಹೆಸರಿನ ಎರಡಕ್ಷರ, ತಾರೀಖು. ಅಷ್ಟೆ. ಮುಂದಿನ ಹಾಳೆಗಳು ಖಾಲಿ.

ಆಗ ಆತನಿಗೆ 36 ವರ್ಷ.

ಈ ಪುಟವನ್ನು ಓದಿದವರೆಲ್ಲ ಕಣ್ಣಿನ ಬಗ್ಗೆ ಮಾತಾಡುತ್ತಾರೆ. ಮೋಂಬತ್ತಿಯ ಬೆಳಕಿನಲ್ಲಿ ಕೂತು ಬರೆದು ಬರೆದು ಕಣ್ಣು ಉರಿಯುತ್ತಿತ್ತು. ಹಸಿರು ಗಾಜಿನ ಕನ್ನಡಕ ಕೊಂಡು ನೋಡಿದ. ಕಾಗದವನ್ನು ಕೊಳವೆಯಂತೆ ಸುತ್ತಿ, ಅದರ ತೂತಿನಲ್ಲಿ ಓದಿ ನೋಡಿದ. ಕುರುಡನಾಗಲಿಲ್ಲ. ಆ ಪುಟ ಬರೆದ ಮೇಲೆ 34 ವರ್ಷ ಬದುಕಿದ. ಇಂಥದಕ್ಕೆ ಈಗಾದರೆ ಕನ್ನಡಕದ ಅಂಗಡಿಯಲ್ಲೇ ಪರಿಹಾರ ಸಿಗುತ್ತಿತ್ತೆಂದು ಬಲ್ಲವರು ಹೇಳುತ್ತಾರೆ. ಅದು ದುಃಖದ ವಿಷಯವೇ. ಆದರೆ ನನ್ನಂಥವಳಿಗೆ ಆ ಪುಟದಲ್ಲಿ ಎದೆಗೆ ನಾಟುವುದು ಬೇರೆ ಸಾಲು. 'ಅವರಿಗೂ ಲೋಕಕ್ಕೂ ತಿಳಿಯಬಹುದಾದಷ್ಟು.'

ಯಾಕೆಂದರೆ ಆ 'ಅವರು' ನಾನು. ಬೇರೆಯವರ ಮಾತನ್ನು ಬರೆದುಕೊಳ್ಳುವ ಕೈ ನನ್ನದಾಗಿತ್ತು. ಡಿಕ್ಟೇಶನ್ ಕೊಡುವವರು ಹೇಗೆ ಕೊಡುತ್ತಾರೆಂದು ಎದುರು ಕೂತು ನೋಡಿದ್ದೇನೆ. ಬಾಯಿಗೆ ಬಂದ ಮಾತು ಹೊರಗೆ ಬರುವ ಮೊದಲೇ ಎದುರಿಗೊಬ್ಬಳು ಕೂತಿದ್ದಾಳೆಂಬ ಅರಿವು ಅದನ್ನು ಮುಟ್ಟಿರುತ್ತದೆ. ಒಬ್ಬ ಹಿರಿಯ ಅಧಿಕಾರಿ, ತುಂಬ ಒಳ್ಳೆಯವರು, ನಿವೃತ್ತಿಗೆ ಸ್ವಲ್ಪ ಮುಂಚೆ ತಮ್ಮ ಮಗನಿಗೊಂದು ಕಾಗದ ಬರೆಸಿದರು. ಮಗ ಮಾತು ಬಿಟ್ಟಿದ್ದ. ಅವರು ಒಂದು ವಾಕ್ಯ ಹೇಳಿದರು, ಕಿಟಕಿ ಕಡೆ ನೋಡಿದರು, "ಅದು ಬೇಡಮ್ಮ, ಹೊಡೆದುಹಾಕಿ" ಎಂದರು. ಇನ್ನೊಂದು ಹೇಳಿದರು. ಅದನ್ನೂ ಹೊಡೆಸಿದರು. ಕೊನೆಗೆ ಕಾಗದದಲ್ಲಿ ಉಳಿದದ್ದು ಆರೋಗ್ಯ ವಿಚಾರಣೆ ಮತ್ತು ಮನೆ ಕಂದಾಯದ ವಿಷಯ. ಹೊಡೆದುಹಾಕಿದ ಎರಡು ವಾಕ್ಯ ನನ್ನ ನೋಟ್‌ಬುಕ್ಕಿನಲ್ಲಿ ಒಂದೊಂದು ಗೆರೆಯ ಕೆಳಗೆ ಹಾಗೇ ಇದ್ದವು. ಮಗನಿಗೆ ಹೋಗಬೇಕಾದ ಕಾಗದ ಅದೇ ಆಗಿತ್ತು.

ಪೀಪ್ಸ್ ಅವತ್ತು ರಾತ್ರಿ ಇದನ್ನು ಮುಂಚೆಯೇ ಕಂಡುಕೊಂಡಿದ್ದ. ಬರೆಯುವ ಕೈ ಬೇರೆಯವರದಾದರೆ ಬರೆಯುವ ಮನುಷ್ಯನೂ ಬೇರೆಯಾಗುತ್ತಾನೆಂದು ಅವನಿಗೆ ಗೊತ್ತಿತ್ತು. ಗೋರಿಯ ಮಾತು ಅದಕ್ಕೇ ಬಂದದ್ದು ಎಂದು ನಾನು ತಿಳಿದಿದ್ದೇನೆ. ಜನರ ಕೈಯಲ್ಲಿ ಬರೆಸುತ್ತೇನೆ ಎಂದನಲ್ಲ, ಅಂಥ ದಿನಚರಿ ನಮಗೆ ಸಿಕ್ಕಿಲ್ಲ. ಮುಂದೆ ಕೆಲಸದ ಸಂಬಂಧದ ಕೆಲವು ದಿನಚರಿಗಳನ್ನು ಇಟ್ಟ, 1683ರಲ್ಲಿ ಟ್ಯಾಂಜಿಯರ್‌ಗೆ ಹೋದಾಗಿನದು ಅಂಥದೊಂದು. ಆದರೆ ಈ ಮನುಷ್ಯ, ಈ ಒಳಮನೆಯ ಮನುಷ್ಯ, ಮತ್ತೆ ಬರಲಿಲ್ಲ. ನೌಕಾಪಡೆಯ ಆಡಳಿತದಲ್ಲಿ ಅತಿ ದೊಡ್ಡ ಹುದ್ದೆಗೇರಿದ, ಪಾರ್ಲಿಮೆಂಟಿಗೆ ಹೋದ, ರಾಯಲ್ ಸೊಸೈಟಿಯ ಅಧ್ಯಕ್ಷನಾದ. ನ್ಯೂಟನ್ನನ 'ಪ್ರಿನ್ಸಿಪಿಯಾ'ದ ಮುಖಪುಟದ ಮೇಲೆ ಅಧ್ಯಕ್ಷನೆಂದು ಪೀಪ್ಸ್‌ನ ಹೆಸರೇ ಇದೆ. ಅದಕ್ಕೆ ಒಪ್ಪಿಗೆ ಕೊಟ್ಟ ದಿನ ಏನನಿಸಿತೆಂದು ಹಳೆಯ ಪೀಪ್ಸ್ ಆಗಿದ್ದರೆ ರಾತ್ರಿ ಬರೆದಿರುತ್ತಿದ್ದ, ಊಟಕ್ಕೆ ಏನಿತ್ತೆಂಬುದರ ಸಮೇತ.

ಈಗ ಲಿಪಿಯ ವಿಷಯ. ನನಗೆ ಇಷ್ಟವಾದ ಭಾಗ ಇದು, ಸ್ವಲ್ಪ ನಿಧಾನಿಸುತ್ತೇನೆ.

ಪೀಪ್ಸ್ ಬಳಸಿದ್ದು ಥಾಮಸ್ ಶೆಲ್ಟನ್ ಎಂಬುವನ ಶೀಘ್ರಲಿಪಿ. ನಾವು ಕಲಿತ ಪಿಟ್‌ಮನ್ ಪದ್ಧತಿ ಬಂದದ್ದು 19ನೆಯ ಶತಮಾನದಲ್ಲಿ. ಪಿಟ್‌ಮನ್‌ನಲ್ಲಿ ತೆಳು ಗೆರೆ ಎಳೆದರೆ 'ಪ', ಅದೇ ಗೆರೆಯನ್ನು ಒತ್ತಿ ದಪ್ಪ ಮಾಡಿದರೆ 'ಬ'. ಸ್ವರಗಳನ್ನು ಬಿಟ್ಟೇ ಬರೆಯುತ್ತೇವೆ. ಗೆರೆಯನ್ನು ಸಾಲಿನ ಮೇಲೆ ಇಟ್ಟಿದ್ದೇವೋ, ಸಾಲಿಗೆ ತಾಗಿಸಿದ್ದೇವೋ, ಸಾಲನ್ನು ಸೀಳಿದ್ದೇವೋ ಎಂಬುದರಿಂದ ಸ್ವರವನ್ನು ಊಹಿಸಿಕೊಳ್ಳಬೇಕು. ಶೆಲ್ಟನ್‌ನಲ್ಲೂ ಸ್ವರವನ್ನು ಹೇಳುವುದು ಜಾಗವೇ. ಒಂದು ವ್ಯಂಜನದ ಸುತ್ತ ಐದು ಜಾಗ, ಮುಂದಿನ ವ್ಯಂಜನವನ್ನು ಎಲ್ಲಿ ಇಟ್ಟರೆ ನಡುವೆ ಆ ಸ್ವರ. ಅದರ ಮೇಲೆ, ಪದಗಳಿಗೆ ಬದಲಾಗಿ ಬಾಯಿಪಾಠ ಮಾಡಬೇಕಾದ ನೂರಾರು ಗುರುತುಗಳು. ಇದನ್ನು ಮೊದಲ ಸಲ ಓದಿದಾಗ ನನಗಾದ ಸಂತೋಷ ಹೇಳತೀರದು. ಮುನ್ನೂರೈವತ್ತು ವರ್ಷದ ಹಿಂದಿನ ಒಬ್ಬ ನನ್ನ ಹಾಗೇ ಪೆನ್ನು ಹಿಡಿದು, ನನ್ನ ಹಾಗೇ ಜಾಗ ನೋಡಿ ನೋಡಿ ಗೆರೆ ಇಡುತ್ತಿದ್ದ.

ಶೆಲ್ಟನ್ನನ ಪದ್ಧತಿ ಗುಟ್ಟಿನದಲ್ಲ. ಅಚ್ಚಾಗಿ ಮಾರಾಟವಾಗುತ್ತಿದ್ದ ಪುಸ್ತಕ, ಆ ಕಾಲದಲ್ಲಿ ಬಲ್ಲವರು ಎಷ್ಟೋ ಜನ. ಆದರೂ ಮನೆಯೊಳಗೆ ಅದು ಬೀಗದ ಕೆಲಸ ಮಾಡುತ್ತಿತ್ತು. ಹೆಂಗಸರ ವಿಷಯ ಬಂದಾಗ ಅದರ ಮೇಲೆ ಇನ್ನೊಂದು ಬೀಗ. ಆಗಲೇ ಹೇಳಿದೆನಲ್ಲ, ಫ್ರೆಂಚು, ಸ್ಪ್ಯಾನಿಷ್, ಲ್ಯಾಟಿನ್ ಕಲಸಿದ ಭಾಷೆ. ಇದನ್ನು ರಸಿಕತೆ ಎಂದು ನಕ್ಕು ಮುಂದೆ ಹೋಗುವವರನ್ನು ಕಂಡಿದ್ದೇನೆ. ನನಗೆ ಹಾಗೆ ಹೋಗಲಾಗುವುದಿಲ್ಲ. ಡೆಬ್ ವಿಲೆಟ್ ಎಂಬ ಹುಡುಗಿ ಎಲಿಜಬೆತಳ ಜೊತೆಗಾರ್ತಿಯಾಗಿ ಆ ಮನೆಗೆ ಸಂಬಳಕ್ಕೆ ಬಂದವಳು. ಹದಿಹರೆಯ ದಾಟದವಳು. 25 ಅಕ್ಟೋಬರ್ 1668ರ ರಾತ್ರಿ ಅವಳು ಯಜಮಾನನ ತಲೆ ಬಾಚುತ್ತಿದ್ದಾಗ ಆತ ಅವಳನ್ನು ತಬ್ಬಿಕೊಂಡಿದ್ದನ್ನು ಎಲಿಜಬೆತ್ ಕಣ್ಣಾರೆ ಕಂಡಳು. ಮನೆ ಬಿಡಬೇಕಾಗಿ ಬಂದದ್ದು ಡೆಬ್‌ಗೆ. ಮೇಲಿನವರ ಮನಸ್ಸಿಗೆ ಬಂದದ್ದಕ್ಕೆ ಕೆಲಸದ ಹುಡುಗಿ ಬೆಲೆ ತೆತ್ತ ಕತೆ ಅದು. ಕೊನೆಯ ಪುಟದಲ್ಲೂ ಡೆಬ್‌ಳ ಹೆಸರಿದೆ. ಆ ಪ್ರೇಮ ಮುಗಿಯಿತು, ಹಾಗಾಗಿ ಅಂಚಿನಲ್ಲಿ ಬರೆಯಲು ಹೆಚ್ಚೇನೂ ಇರಲಾರದು ಎನ್ನುತ್ತಾನೆ. ಆ ಹುಡುಗಿ ಏನೆಂದುಕೊಂಡಳೋ, ಅವಳದೊಂದು ಸಾಲೂ ನಮಗೆ ಸಿಕ್ಕಿಲ್ಲ.

ಎಲಿಜಬೆತಳದು ಸಿಗಬಹುದಿತ್ತು. ನಾನು ಇಲ್ಲಿಗೆ ಬಂದದ್ದೇ ಇದನ್ನು ಹೇಳುವುದಕ್ಕೆ.

9 ಜನವರಿ 1663ರ ಪುಟಕ್ಕೆ ಹಿಂದೆ ಹೋಗೋಣ. ಎಲಿಜಬೆತ್‌ಗೆ ಆಗ 22 ವರ್ಷ. ಫ್ರೆಂಚ್ ಪ್ರಾಟೆಸ್ಟೆಂಟ್ ತಂದೆಯ ಮಗಳು, 15 ತುಂಬಿದ ಸ್ವಲ್ಪ ದಿನಕ್ಕೇ ಮದುವೆಯಾಗಿ ಬಂದವಳು. ಮಕ್ಕಳಿಲ್ಲ. ಗಂಡ ದಿನವಿಡೀ ಕಚೇರಿ, ನಾಟಕ, ಗೆಳೆಯರೆಂದು ತಿರುಗುತ್ತಿದ್ದರೆ ಇವಳು ಒಬ್ಬಳೇ. ಆ ಒಂಟಿತನವನ್ನೆಲ್ಲ ಒಂದು ಕಾಗದದಲ್ಲಿ ಬರೆದು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಳು. ಅವತ್ತು ಮಾತಿಗೆ ಮಾತು ಬೆಳೆದು, ಪೆಟ್ಟಿಗೆಯಿಂದ ಆ ಕಾಗದ ತೆಗೆಸಿ ಗಂಡನ ಎದುರು ಓದಿದಳು. ಪೀಪ್ಸ್ ಬರೆದುಕೊಂಡದ್ದು ಹೀಗೆ: ಅದು ತುಂಬ ಚುಚ್ಚುವಂತಿತ್ತು, ಇಂಗ್ಲಿಷಿನಲ್ಲಿತ್ತು, ಬಹುಮಟ್ಟಿಗೆ ನಿಜವಾಗಿತ್ತು.

ಬಹುಮಟ್ಟಿಗೆ ನಿಜವಾಗಿತ್ತು! ಇದನ್ನು ಒಪ್ಪಿಕೊಂಡು ಬರೆಯುವ ಪ್ರಾಮಾಣಿಕತೆ ಆ ಮನುಷ್ಯನಿಗಿತ್ತು. ಅದನ್ನು ಕೇಳಿಸಿಕೊಂಡು ಸುಮ್ಮನೆ ಕೂರುವ ಶಕ್ತಿ ಇರಲಿಲ್ಲ. ಇಂಗ್ಲಿಷಿನಲ್ಲಿ ಬರೆದದ್ದರಿಂದ ಯಾರ ಕೈಗಾದರೂ ಸಿಕ್ಕು ಓದಿಬಿಟ್ಟಾರೆಂದು ಆತನಿಗೆ ಸಿಟ್ಟು. ಹರಿದುಹಾಕು ಎಂದು ಮೊದಲು ಕೇಳಿಕೊಂಡ, ಆಮೇಲೆ ಆಜ್ಞೆ ಮಾಡಿದ. ಆಕೆ ಒಪ್ಪಲಿಲ್ಲ. ಕಿತ್ತುಕೊಂಡು ತಾನೇ ಹರಿದ. ಹಾಸಿಗೆಯಿಂದ ಎದ್ದು ಪೆಟ್ಟಿಗೆಯಲ್ಲಿದ್ದ ಉಳಿದ ಕಾಗದದ ಕಟ್ಟನ್ನೂ ತೆಗೆದು, ಆಕೆ ಅಳುತ್ತಾ ಬೇಡ ಬೇಡ ಎನ್ನುತ್ತಿರುವಾಗಲೇ ಮುಖದೆದುರು ಒಂದೊಂದಾಗಿ ಹರಿದುಹಾಕಿದ. ಅದರಲ್ಲಿ ತಾನು ಆಕೆಗೆ ಬರೆದ ಪ್ರೇಮಪತ್ರಗಳಿದ್ದವು. ಸಮುದ್ರಯಾನಕ್ಕೆ ಹೋಗುವಾಗ ತನ್ನದೆಲ್ಲವೂ ಆಕೆಗೇ ಎಂದು ಬರೆದ ಉಯಿಲೂ ಇತ್ತು. ಉಳಿಸಿಕೊಂಡದ್ದು ಮೂರು: ದೊಡ್ಡಪ್ಪನ ಕಡೆಯ ಒಂದು ಸಾಲಪತ್ರ, ಮದುವೆಯ ಪರವಾನಗಿ, ಆಕೆಗೆ ಬರೆದ ಮೊಟ್ಟಮೊದಲ ಕಾಗದ. ಚೂರುಗಳನ್ನು ಕೋಣೆಗೆ ಒಯ್ದು, ಸುಡಲೋ ಬೇಡವೋ ಎಂದು ತನ್ನೊಳಗೇ ತುಂಬ ಜಗಳವಾಡಿ, ಆಕೆ ಓದಿದ ಕಾಗದದ ಚೂರುಗಳನ್ನೂ ಉಯಿಲಿನ ಚೂರುಗಳನ್ನೂ ಆರಿಸಿ ಪಕ್ಕಕ್ಕಿಟ್ಟು, ಉಳಿದದ್ದಕ್ಕೆ ಬೆಂಕಿ ಹಾಕಿ, ಮನಸ್ಸು ಕೆಡಿಸಿಕೊಂಡು ಕಚೇರಿಗೆ ಹೋದ.

ಆರಿಸಿಟ್ಟ ಆ ಚೂರುಗಳು ಇವತ್ತು ಎಲ್ಲೂ ಇಲ್ಲ.

ಈಗ ಎರಡು ಪುಟವನ್ನೂ ಅಕ್ಕಪಕ್ಕ ಇಟ್ಟು ನೋಡಿ. 1669ರಲ್ಲಿ ಎಲ್ಲರೂ ಓದುವ ಅಕ್ಷರದಲ್ಲಿ ಬರೆಸಬೇಕಾಗಿ ಬಂತಲ್ಲ ಎಂದು ಗೋರಿಯ ಮಾತಾಡುತ್ತಾನೆ. 1663ರಲ್ಲಿ ಹೆಂಡತಿ ಎಲ್ಲರೂ ಓದುವ ಅಕ್ಷರದಲ್ಲಿ ಬರೆದಳೆಂಬ ಕಾರಣಕ್ಕೇ ಅವಳ ಬರಹ ಹರಿದಿದ್ದ. ಅವನ ಬರಹದಲ್ಲಿ ಇದ್ದದ್ದೂ ನಿಜ, ಅವಳ ಬರಹದಲ್ಲಿ ಇದ್ದದ್ದೂ ನಿಜ, ಅದಕ್ಕೆ ಅವನದೇ ಸಾಕ್ಷಿ. ಅವನ ಬರಹಕ್ಕೆ ಬೀಗವಿತ್ತು, ಅವಳದಕ್ಕಿರಲಿಲ್ಲ. ಅವನದು ಹನ್ನೆರಡೂವರೆ ಲಕ್ಷ ಪದ ಉಳಿಯಿತು. ಅವಳದು ಒಂದು ವಾಕ್ಯವೂ ಉಳಿಯಲಿಲ್ಲ.

ಮದುವೆಯಾಗಿ ತುಂಬಿದ ಮನೆಗೆ ಹೋದ ಹೊಸತರಲ್ಲಿ ನಾನೂ ದಿನಚರಿ ಬರೆಯುತ್ತಿದ್ದೆ. ಆ ಮನೆಯಲ್ಲಿ ಬಾಗಿಲು ಹಾಕಿಕೊಳ್ಳುವ ಕೋಣೆ ಎಂದರೆ ಬಚ್ಚಲು ಒಂದೇ. ಅಡುಗೆಮನೆ ಕೆಲಸ ಮುಗಿದ ಮೇಲೆ, ಕಚೇರಿಯ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಪೆನ್ಸಿಲ್ಲಿನಿಂದ ಬರೆಯುತ್ತಿದ್ದೆ. ಒಂದು ದಿನ ಅತ್ತೆ ಹಿಂದೆ ಬಂದು ನಿಂತು, "ಇದೇನಮ್ಮಾ ಇದು, ಕಾಗೆ ಕಾಲು ಗುಬ್ಬಿ ಕಾಲು?" ಎಂದರು. "ಆಫೀಸಿನ ಕೆಲಸ ಅತ್ತೆ" ಎಂದೆ. "ಅಷ್ಟು ಹೊತ್ತು ಕೂತು ಬರೀಬೇಕಾ, ಪಾಪ" ಎಂದು ಕಾಫಿ ತಂದುಕೊಟ್ಟರು. ಆ ಪುಟದಲ್ಲಿ ಅವರ ಬಗ್ಗೆಯೇ ನಾಲ್ಕು ಸಾಲಿತ್ತು. ಕಟುವಾದ ಸಾಲುಗಳು. ಬಹುಮಟ್ಟಿಗೆ ನಿಜ. ಆ ಸಾಲು ಬರೆದದ್ದರಿಂದಲೇ ಮರುದಿನ ಅವರ ಜೊತೆ ನಗುತ್ತಾ ಅವರೆಕಾಳು ಬಿಡಿಸಲು ನನಗೆ ಆಯಿತು. ಕನ್ನಡದ ಅಕ್ಷರದಲ್ಲಿ ಬರೆದಿದ್ದರೆ ಆ ಮನೆಯಲ್ಲಿ ಏನಾಗುತ್ತಿತ್ತೆಂದು ನೆನೆಯಲೂ ನನಗೆ ಇಷ್ಟವಿಲ್ಲ. ಎಲಿಜಬೆತಳಿಗೆ ಯಾರಾದರೂ ಶೆಲ್ಟನ್ನನ ಪುಸ್ತಕ ಹೇಳಿಕೊಟ್ಟಿದ್ದರೆ ಎಂದು ನಾನು ಎಷ್ಟು ಸಲ ಯೋಚಿಸಿದ್ದೇನೋ. ಸಂಗೀತ ಕಲಿಸಲು, ನೃತ್ಯ ಕಲಿಸಲು ಆಕೆಗೆ ಗುರುಗಳಿದ್ದರು. ಗಂಡ ತಾನೇ ಕೂತು ಲೆಕ್ಕ ಹೇಳಿಕೊಟ್ಟ. ಆದರೆ ಆ ಮನೆಯಲ್ಲಿ ಗುಟ್ಟು ಕಾಯುವ ಲಿಪಿ ಗಂಡಸಿಗೆ ಮಾತ್ರ ಬರುತ್ತಿತ್ತು.

ಇನ್ನು ಸ್ವಲ್ಪವೇ ಇದೆ. ದಿನಚರಿ ನಿಂತ ಆ ಬೇಸಿಗೆಯಲ್ಲಿ ಗಂಡ ಹೆಂಡತಿ ಹಾಲೆಂಡ್, ಫ್ರಾನ್ಸ್ ಕಡೆ ಪ್ರವಾಸ ಹೋದರು. ಮರಳಿ ಬರುತ್ತಲೇ ಎಲಿಜಬೆತ್‌ಗೆ ಜ್ವರ ಹಿಡಿಯಿತು. 10 ನವೆಂಬರ್ 1669ರಂದು ತೀರಿಕೊಂಡಳು. 29 ವರ್ಷ. ಸಣ್ಣ ನೆಗಡಿಯನ್ನೂ ಬಿಡದೆ ಬರೆದಿದ್ದ ಆ ದಿನಚರಿಯಲ್ಲಿ ಆಕೆಯ ಸಾವು ಇಲ್ಲ. ಆರು ತಿಂಗಳೂ ಆಗಿರಲಿಲ್ಲ ಅದು ನಿಂತು. ಪೀಪ್ಸ್ ಮತ್ತೆ ಮದುವೆಯಾಗಲಿಲ್ಲ. ಸೇಂಟ್ ಓಲೇವ್ ಚರ್ಚಿನ ಗೋಡೆಯ ಮೇಲೆ ಆಕೆಯ ಅಮೃತಶಿಲೆಯ ಪ್ರತಿಮೆ ಇಡಿಸಿದ. ನೌಕಾ ಕಚೇರಿಯವರು ಕೂರುತ್ತಿದ್ದ ಕಡೆಗೆ ಅದು ಮುಖ ಮಾಡಿದೆ. 1703ರಲ್ಲಿ ತಾನು ಸತ್ತಾಗ ಅದೇ ಚರ್ಚಿನಲ್ಲಿ ಮಣ್ಣಾದ.

ದಿನಚರಿಯ ಆರು ಸಂಪುಟಗಳು ಆತನ ಮೂರು ಸಾವಿರ ಪುಸ್ತಕಗಳ ಜೊತೆ 1724ರಲ್ಲಿ ಕೇಂಬ್ರಿಡ್ಜ್‌ನ ಮಾಡ್ಲಿನ್ ಕಾಲೇಜಿಗೆ ಹೋದವು. ನೂರು ವರ್ಷ ಹತ್ತಿರ ಹತ್ತಿರ ಯಾರೂ ಓದಲಿಲ್ಲ. 1819ರಲ್ಲಿ ಜಾನ್ ಸ್ಮಿತ್ ಎಂಬ ಬಡ ವಿದ್ಯಾರ್ಥಿಗೆ ಬಿಡಿಸುವ ಕೆಲಸ ಕೊಟ್ಟರು. ಮೂರು ವರ್ಷ, ದಿನಕ್ಕೆ ಹನ್ನೆರಡು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು, ಕೂತು ಬಿಡಿಸಿದ. ಅವನಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ಶೆಲ್ಟನ್ನನ ಪುಸ್ತಕ ಅದೇ ಗ್ರಂಥಾಲಯದಲ್ಲಿ, ಪೀಪ್ಸ್‌ನ ಪುಸ್ತಕಗಳ ನಡುವೆಯೇ ಇತ್ತು. ಸ್ಮಿತ್‌ನ ಕಷ್ಟಕ್ಕೆ ನನ್ನ ಕರುಳು ಚುರ್ ಎನ್ನುತ್ತದೆ. ಬೇರೆಯವರ ಶಾರ್ಟ್‌ಹ್ಯಾಂಡ್ ಓದುವುದೆಂದರೆ, ಅದೇ ಪದ್ಧತಿ ಕಲಿತ ನಮಗೇ ಬೆವರಿಳಿಯುತ್ತದೆ. 1825ರಲ್ಲಿ ಒಂದಷ್ಟು ಭಾಗ ಅಚ್ಚಾಯಿತು. ಏನನ್ನೂ ಬಿಡದೆ ಪೂರ್ತಿಯಾಗಿ ಬರಲು 1970ರಿಂದ 1983ರವರೆಗೆ ಕಾಯಬೇಕಾಯಿತು. ನಡುವಿನ ಸಂಪಾದಕರೆಲ್ಲ ಲೋಕಕ್ಕೆ ತಿಳಿಯಬಹುದಾದಷ್ಟನ್ನೇ ಕೊಟ್ಟಿದ್ದರು.

ಮಾತು ಮುಗಿದ ಮೇಲೆ, ಮುಂದಿನ ಸಾಲಿನಲ್ಲಿ ಕೂತಿದ್ದ ಕಾಲೇಜು ಹುಡುಗಿಯೊಬ್ಬಳು ಎದ್ದು, "ಆಂಟಿ, ನಿಮ್ಮ ದಿನಚರಿ ಏನಾಯಿತು?" ಎಂದು ಕೇಳಿದಳು.

ಇದೆಯಮ್ಮಾ. ಒಂಬತ್ತು ನೋಟ್‌ಬುಕ್ಕು, ತವರಿನಿಂದ ತಂದ ತಗಡಿನ ಟ್ರಂಕಿನಲ್ಲಿ, ಹಳೆ ಸೀರೆಯೊಂದರಲ್ಲಿ ಸುತ್ತಿಟ್ಟಿದ್ದೇನೆ. ಪೆನ್ಸಿಲ್ ಗೆರೆ ಕೆಲವು ಕಡೆ ಮಾಸಿದೆ, ತೆಳುವೋ ದಪ್ಪವೋ ನನಗೇ ಗೊತ್ತಾಗುವುದಿಲ್ಲ. ಅತ್ತೆ ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ಮೊಮ್ಮಗಳಿಗೆ ಆ ಲಿಪಿ ಬರುವುದಿಲ್ಲ, ಕಲಿಸು ಎಂದು ಅವಳು ಕೇಳಿಲ್ಲ. ನಾನು ಕಲಿತ ಶೀಘ್ರಲಿಪಿಯ ಪುಸ್ತಕ ಇನ್ನೂ ನನ್ನ ಬಳಿ ಇದೆ, ರಟ್ಟು ಕಿತ್ತಿದೆ. ಪೀಪ್ಸ್ ಓದಿದ ಮೇಲೆ ಆ ಪುಸ್ತಕವನ್ನು ಎರಡು ಸಲ ಟ್ರಂಕಿನಲ್ಲಿ ನೋಟ್‌ಬುಕ್ಕುಗಳ ಪಕ್ಕ ಇಟ್ಟೆ. ಎರಡು ಸಲವೂ ಹೊರಗೆ ತೆಗೆದೆ. ಸದ್ಯಕ್ಕೆ ಅದು ನನ್ನ ಮೇಜಿನ ಮೇಲಿದೆ.